ದೊಡ್ಡಮ್ಮ ಮತ್ತು ಷಡ್ಡಕನ ಸೋಫಾ

ಮನುಷ್ಯನಿಗೆ ಶತ್ರುಗಳು ಇರಲೇಬೇಕು ಅಂತೇನಿಲ್ಲ, ಒಬ್ಬ ಷಡ್ಡಕನಿದ್ದರೆ ಸಾಕು. ಶತ್ರುವನ್ನು ಬಾಯಿತುಂಬ ಬೈಯಬಹುದು, ಅವನ ಮನೆಯ ಕಡೆ ತಲೆ ಹಾಕದೆ ಇರಬಹುದು. ಷಡ್ಡಕನ ಮನೆಗಾದರೆ ನಗುನಗುತ್ತಾ ಹೋಗಬೇಕು, ಅವನ ಹೊಸ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಇಣುಕಬೇಕು, ‘ಭೇಷ್’ ಅನ್ನಬೇಕು. ಹೀಗೆ ವರ್ಷಗಟ್ಟಲೆ ಭೇಷ್ ಅಂದು ಅಂದೇ ನಮ್ಮ ಸ್ಪ್ರಿಂಗಣ್ಣನ ಹೊಟ್ಟೆಯಲ್ಲಿ ಆರದ ಒಲೆಯೊಂದು ಹೊತ್ತಿಕೊಂಡಿತ್ತು.

ಸ್ಪ್ರಿಂಗಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಸೋಫಾ, ಕುರ್ಚಿ, ಕುಶನ್ನು ಮಾಡುವುದು, ರಿಪೇರಿ ಮಾಡುವುದು ಅವನ ಕಸುಬು. ಯಾರಾದರೂ ಷಡ್ಡಕನ ಮಾತೆತ್ತಿದರೆ ಕೂತಲ್ಲಿಂದ ಚಿಮ್ಮುವುದು ಅವನ ಸ್ವಭಾವ. ಎರಡೂ ಸೇರಿ ಬೀದಿಯವರು ಈ ಹೆಸರು ಕೊಟ್ಟಿದ್ದರು. ಮನೆ ಮಹಡಿಯ ಮೇಲೆ, ವರ್ಕ್‌ಶಾಪು ಕೆಳಗೆ. ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಹಲ್ಲಿನ ಡಾಕ್ಟರು. ಎರಡು ಬೀದಿ ಆಚೆ ಅವರ ಸ್ವಂತ ಕ್ಲಿನಿಕ್ಕು, ಅದರ ಮುಂದೆ ಬಿಳೀ ಕಾರು, ಕಾರಿನೊಳಗೆ ತಲೆತುಂಬ ಕೂದಲಿನ ಅವರು. ಕಾರನ್ನು ಸ್ಪ್ರಿಂಗಣ್ಣ ಹೇಗೋ ಕ್ಷಮಿಸಿದ್ದ. ಕೂದಲನ್ನು ಕ್ಷಮಿಸಲು ಬೋಳುತಲೆಯ ಅವನಿಂದ ಸಾಧ್ಯವಾಗಿರಲಿಲ್ಲ.

ಒಂದು ಭಾನುವಾರ ಇಬ್ಬರು ಅಳಿಯಂದಿರೂ ಮಾವನವರ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಮಾವನವರು ತುತ್ತು ಕೈಯಲ್ಲಿ ಹಿಡಿದೇ ಹೇಳಿದರು.

“ನಮ್ಮ ದೊಡ್ಡಳಿಯಂದಿರು ಪ್ರಾಣಿಗಳ ಆಶ್ರಯಕ್ಕೆ ಹಳೇ ಕಂಬಳಿಗಳನ್ನೆಲ್ಲ ಕೊಟ್ಟಿದಾರಂತೆ. ಅಲ್ಲಿ ಗೋಡೆ ಮೇಲೆ ಇವರ ಫೋಟೋ ಹಾಕಿದಾರಂತೆ. ಹೃದಯ ಅಂದ್ರೆ ಅದಪ್ಪಾ!”

ಡಾಕ್ಟರು ವಿನಯದಿಂದ ತಟ್ಟೆ ನೋಡಿಕೊಂಡರು. ಹೊಗಳಿಕೆಯನ್ನಾದರೂ ಸ್ಪ್ರಿಂಗಣ್ಣ ನುಂಗಿಕೊಳ್ಳುತ್ತಿದ್ದನೇನೋ, ಆ ವಿನಯ ಗಂಟಲಲ್ಲಿ ಸಿಕ್ಕಿಕೊಂಡಿತು.

“ಕಂಬಳಿ ಯಾರು ಬೇಕಾದ್ರೂ ಕೊಡ್ತಾರೆ ಮಾವ. ನಾನು ಅಲ್ಲಿಂದ ಒಂದು ಪ್ರಾಣೀನೇ ಮನೆಗೆ ತರ್ತಾ ಇದೀನಿ.”

ತಾನು ಹೀಗೆ ನಿರ್ಧಾರ ಮಾಡಿರುವ ವಿಷಯ ಉಳಿದವರಿಗೆ ತಿಳಿದ ಕ್ಷಣದಲ್ಲೇ ಸ್ಪ್ರಿಂಗಣ್ಣನಿಗೂ ತಿಳಿಯಿತು. ಬಡಿಸುತ್ತಿದ್ದ ಹೆಂಡತಿಯ ಸೌಟು ಗಾಳಿಯಲ್ಲೇ ನಿಂತಿತು.

“ಯಾವ ಪ್ರಾಣಿ?” ಎಂದರು ಮಾವ.

“ಬೆಕ್ಕು. ಅದೂ ವಯಸ್ಸಾದ ಬೆಕ್ಕು. ಮರಿಗಳನ್ನ ಎಲ್ಲರೂ ಎತ್ಕೊಂಡು ಹೋಗ್ತಾರೆ. ದೊಡ್ಡವನ್ನ ಕೇಳೋರು ಯಾರು? ನನಗೆ ಮೊದಲಿಂದಲೂ ಬೆಕ್ಕು ಅಂದ್ರೆ ಪ್ರಾಣ.”

“ನಿಮಗಾ?” ಎಂದಳು ಹೆಂಡತಿ. “ಹೋದ ವರ್ಷ ಅಡುಗೆಮನೆಗೆ ಬೆಕ್ಕು ಬಂತು ಅಂತ ಸ್ಟೂಲ್ ಹತ್ತಿ ನಿಂತಿದ್ರಲ್ಲ?”

“ಅದು ಗೌರವ ಕಣೇ.”

ಮಾವನವರ ಕಣ್ಣು ತುಂಬಿ ಬಂತು. “ಚಿಕ್ಕಳಿಯನ ಹೃದಯ ಇನ್ನೂ ದೊಡ್ಡದು ಅಂತ ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ,” ಅಂದರು. ಡಾಕ್ಟರು ಅಗಿಯುವುದನ್ನು ನಿಲ್ಲಿಸಿದರು. ಅದನ್ನು ಓರೆಗಣ್ಣಿನಲ್ಲಿ ಕಂಡ ಸ್ಪ್ರಿಂಗಣ್ಣನಿಗೆ ಅಂದಿನ ಊಟ ಎಂದೂ ಇಲ್ಲದಷ್ಟು ರುಚಿಸಿತು. ಎರಡನೇ ಸಲ ಕೇಳಿ ಹಾಕಿಸಿಕೊಂಡ.

ಆಡಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ, ಮಾರನೇ ದಿನವೇ ಹೋದ. ಆಶ್ರಯದ ಬಾಗಿಲಲ್ಲೇ ಷಡ್ಡಕನ ಫೋಟೋ. ಕಂಬಳಿಗಳ ರಾಶಿಯ ಹಿಂದೆ ನಿಂತು ಬಾಯಿಯ ಅಷ್ಟೂ ಹಲ್ಲು ತೋರಿಸುತ್ತಿದ್ದರು. ಸ್ಪ್ರಿಂಗಣ್ಣ ಅದರ ಪಕ್ಕದ ಖಾಲಿ ಗೋಡೆಯನ್ನು ಕಣ್ಣಿನಲ್ಲೇ ಅಳೆದ.

“ಬೆಕ್ಕು ತಗೊಳ್ಳೋರ ಫೋಟೋ ಎಲ್ಲಿ ಹಾಕ್ತೀರಿ?”

“ಹಾಕಲ್ಲ,” ಎಂದರು ಆಶ್ರಯದ ಮೇಡಂ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಸೀರೆಯ ಮೇಲೆಲ್ಲ ನಾನಾ ಬಣ್ಣದ ಕೂದಲು, ಮಾತು ಮಾತ್ರ ಅಳೆದು ತೂಗಿ ಆಡುವ ಹೆಂಗಸು. ಸಾಲು ಗೂಡುಗಳನ್ನು ದಾಟಿ ಕೊನೆಯ ಗೂಡಿನ ಮುಂದೆ ನಿಂತರು.

“ಇವಳು ದೊಡ್ಡಮ್ಮ. ಹೆಸರು ನಾವಿಟ್ಟಿದ್ದು. ಮಿಕ್ಕ ಬೆಕ್ಕುಗಳೆಲ್ಲ ಇವಳನ್ನ ಕಂಡ್ರೆ ಎದ್ದು ಜಾಗ ಬಿಡ್ತವೆ.”

ಬೂದು ಮೈ, ಹರಿದ ಒಂದು ಕಿವಿ, ಗುಂಡು ಮುಖ. ಕಿಟಕಿ ಮುಚ್ಚುವ ಹೊತ್ತಿಗೆ ಬಂದ ಗಿರಾಕಿಯನ್ನು ಬ್ಯಾಂಕಿನ ಗುಮಾಸ್ತೆ ನೋಡುವ ಹಾಗೆ ಸ್ಪ್ರಿಂಗಣ್ಣನನ್ನು ನೋಡಿ, ಆ ಪ್ರಾಣಿ ಮುಖ ಆಚೆ ತಿರುಗಿಸಿಕೊಂಡಿತು.

“ಎರಡು ಮನೆಯವರು ತಗೊಂಡು ಹೋಗಿ ವಾಪಸ್ ತಂದ್ರು. ಹಿಡಿಸಲಿಲ್ಲ.”

“ಅವರಿಗಾ?”

“ಇವಳಿಗೆ. ಅದಕ್ಕೇ ಈಗ ಒಂದು ನಿಯಮ. ಎರಡು ವಾರ ನಿಮ್ಮನೇಲಿ ಇರ್ತಾಳೆ. ಆಮೇಲೆ ನಾನೇ ಬಂದು ನೋಡ್ತೀನಿ. ನೀವು ಇವಳನ್ನ ಒಪ್ಪಿದ್ರೆ ಸಾಲದು, ಇವಳು ನಿಮ್ಮನ್ನ ಒಪ್ಪಿರಬೇಕು. ಒಪ್ಪಿದ್ರೆ ನಿಮ್ಮವಳು. ಇಲ್ಲಾಂದ್ರೆ ಬುಟ್ಟಿ ತಂದಿರ್ತೀನಿ, ಕರ್ಕೊಂಡು ಹೊರಡ್ತೀನಿ.”

“ಎರಡು ವಾರ ಯಾಕೆ ಮೇಡಂ, ಎರಡು ದಿನ ಸಾಕು,” ಅಂದ ಸ್ಪ್ರಿಂಗಣ್ಣ. “ಬೆಕ್ಕುಗಳು ನನ್ನ ಮೈಮೇಲೆ ಬಂದು ಬೀಳ್ತವೆ.”

ಮೊದಲ ವಾರ ಮೈಮೇಲೆ ಬಿದ್ದದ್ದು ಪರಚಿದ ಗೀರುಗಳು ಮಾತ್ರ. ಸ್ಪ್ರಿಂಗಣ್ಣ ನೆಲದ ಮೇಲೆ ಅಂಗಾತ ಮಲಗಿ ‘ಚುಚ್ಚುಚ್ಚು’ ಅಂದ, ದಾರದ ಉಂಡೆ ಉರುಳಿಸಿದ, ತಾನು ಮಜ್ಜಿಗೆಯಲ್ಲಿ ಉಂಡು ಅವಳಿಗೆ ಹಾಲಿಟ್ಟ. ಅವನು ಅತ್ತ ಹೋದ ಮೇಲೆ ಹಾಲು ಖಾಲಿಯಾಗುತ್ತಿತ್ತು, ಅವನ ಮುಂದೆ ಅವಳು ನೀರೂ ಮುಟ್ಟುತ್ತಿರಲಿಲ್ಲ. ಅವನು ಕೆಳಗೆ ಬಂದರೆ ಅವಳು ಮೇಲೆ, ಅವನು ಮೇಲೆ ಹೋದರೆ ಅವಳು ಕೆಳಗೆ. ಎಲ್ಲಿ ಮಲಗುತ್ತಾಳೆಂಬುದೂ ಯಾರಿಗೂ ತಿಳಿಯದು. ಹೆಂಡತಿ ಹಾಸಿಟ್ಟ ಮೆತ್ತೆಯ ಮೇಲೆ ಒಂದು ಕೂದಲೂ ಬಿದ್ದಿರಲಿಲ್ಲ.

“ಬೇರೆ ಯಾರ ಮನೇಲೋ ಮಲಗ್ತಾಳೆ,” ಅಂದ ಸ್ಪ್ರಿಂಗಣ್ಣ ಹಲ್ಲು ಕಡಿಯುತ್ತಾ. “ನನ್ನ ಹಾಲು ಕುಡಿದು, ಇನ್ಯಾರ ಮನೇಲೋ!”

ಅದೇ ಹೊತ್ತಿಗೆ ಅವನ ಕಾಫಿ ಬಣ್ಣದ ಹಳೇ ಸ್ವೆಟರು ಕಾಣೆಯಾಯಿತು. ಮೊಣಕೈಯಲ್ಲಿ ತೇಪೆ ಹಾಕಿದ್ದು, ಚಳಿಗಾಲದ ಬೆಳಗುಗಳಲ್ಲಿ ಅದನ್ನು ಹಾಕಿಕೊಂಡೇ ಅವನು ಕೆಲಸ ಮಾಡುತ್ತಿದ್ದದ್ದು. ವರ್ಕ್‌ಶಾಪಿನ ಗೂಟಕ್ಕೆ ನೇತು ಹಾಕಿದ್ದು ಇದ್ದಕ್ಕಿದ್ದಂತೆ ಇಲ್ಲ.

“ನೀನೇ ಭಾವನ ಕಂಬಳಿ ಗಂಟಿಗೆ ಸೇರಿಸಿದೀಯ,” ಎಂದು ಹೆಂಡತಿಯ ಮೇಲೆ ಹಾರಿದ.

“ಈ ಸೆಖೆಯಲ್ಲಿ ಸ್ವೆಟರ್ ಯಾಕ್ರೀ ನಿಮಗೆ?”

“ಬೇಕೋ ಬೇಡವೋ ಅದಲ್ಲ ಪ್ರಶ್ನೆ. ನನ್ನ ಸ್ವೆಟರು ಕೊಟ್ಟು ಅವರು ಪುಣ್ಯ ಕಟ್ಕೋಬಾರದು.”

ಇಷ್ಟು ಸಾಲದೆಂಬಂತೆ ಡಾಕ್ಟರ ಓಡಾಟ ಶುರುವಾಯಿತು. ಕ್ಲಿನಿಕ್ಕಿನ ಕಾಯುವ ಕೋಣೆಗೆಂದು ಅವರು ಒಂದು ದೊಡ್ಡ ಸೋಫಾ ಮಾಡಲು ಹೇಳಿದ್ದರು. ಅದು ವರ್ಕ್‌ಶಾಪಿನಲ್ಲಿ ಅರ್ಧ ಮುಗಿದು ನಿಂತಿತ್ತು. ಮುಂಚೆ ಫೋನಿನಲ್ಲಿ ವಿಚಾರಿಸುತ್ತಿದ್ದವರು ಈಗ ಖುದ್ದಾಗಿ ಬರತೊಡಗಿದರು. ಗುಂಡಿಯ ಬಣ್ಣ ನೋಡಲು ಒಂದು ಸಲ, ಗುಂಡಿಗಳ ನಡುವಿನ ಅಂತರ ನೋಡಲು ಇನ್ನೊಂದು ಸಲ. ಬಂದವರು ಸ್ಟೂಲಿನ ಮೇಲೆ ಕೂತು, “ನನಗೆ ಈ ಬೆಕ್ಕು ಗಿಕ್ಕು ಎಲ್ಲ ಅಷ್ಟಕ್ಕಷ್ಟೇನಪ್ಪ,” ಎಂದು ಕಿಟಕಿಯ ಹೊರಗೆ ನೋಡುತ್ತಿದ್ದರು. ಎಲ್ಲಿಂದಲೋ ದೊಡ್ಡಮ್ಮ ಬರುತ್ತಿದ್ದಳು. ನೆಟ್ಟಗೆ ಅವರ ತೊಡೆ ಹತ್ತಿ, ಕೋಟಿನೊಳಗೆ ಮುಖ ಹುದುಗಿಸಿ, ಗುರ್ರ್ ಗುರ್ರ್ ಎಂದು ಸದ್ದು ಮಾಡುತ್ತಿದ್ದಳು. ಆ ಸದ್ದು ಸ್ಪ್ರಿಂಗಣ್ಣನ ಹೊಲಿಗೆ ಯಂತ್ರದ ಸದ್ದಿಗಿಂತ ಜೋರಾಗಿತ್ತು.

“ಅಯ್ಯೋ, ನೋಡಪ್ಪಾ ಇದು,” ಅನ್ನುತ್ತಿದ್ದರು ಡಾಕ್ಟರು. “ಬೇಡ ಅಂದ್ರೂ ಬರುತ್ತೆ. ನಾನೇನು ಮಾಡ್ಲಿ? ಕೆಲವರ ಮೈಗುಣ.”

ಸ್ಪ್ರಿಂಗಣ್ಣ ನಗುತ್ತಾ “ಭೇಷ್” ಅಂದ. ಒಳಗಡೆ ಒಲೆಗೆ ಯಾರೋ ಸೀಮೆಎಣ್ಣೆ ಸುರಿದಂತಾಯಿತು.

ಮೇಡಂ ಬರಬೇಕಿದ್ದ ದಿನ ಬಂದೇಬಿಟ್ಟಿತು. ಸೋಫಾ ಕಳಿಸಬೇಕಿದ್ದದ್ದೂ ಅವತ್ತೇ. ಬೆಳಿಗ್ಗೆ ಸ್ಪ್ರಿಂಗಣ್ಣ ಸೋಫಾವನ್ನು ಬೆನ್ನಡಿಯಾಗಿ ಮಲಗಿಸಿ ಅದರ ಅಡಿಗೆ ಕಪ್ಪು ಬಟ್ಟೆ ಹೊಡೆಯುತ್ತಿದ್ದ. ಈ ಕೆಲಸದಲ್ಲಿ ಅವನ ಅಪ್ಪ ಕಲಿಸಿದ ಒಂದು ಕ್ರಮವಿತ್ತು. ಕೊನೆಯ ಅಂಚು ಮುಚ್ಚುವ ಮುಂಚೆ ಒಳಗೆ ಕೈ ಹಾಕಿ ಮೂಲೆಮೂಲೆ ತಡವಿ ನೋಡಬೇಕು. ಕತ್ತರಿಯೋ ಸೂಜಿಯೋ ಒಳಗೆ ಉಳಿದರೆ ಕೂತವನ ಗತಿಯೇನು? ಇದಕ್ಕೆ ‘ಒಳಗೈ’ ಅಂತ ಅಪ್ಪ ಹೆಸರಿಟ್ಟಿದ್ದ. “ಒಳಗೈ ಆಡಿಸದೆ ಸೋಫಾ ಮುಚ್ಚಬೇಡ, ಯೋಚಿಸದೆ ಬಾಯಿ ತೆರೀಬೇಡ” ಅನ್ನುವುದು ಅವನ ಮಾತು. ಎರಡನೆಯದನ್ನು ಸ್ಪ್ರಿಂಗಣ್ಣ ಎಂದೂ ಪಾಲಿಸಿರಲಿಲ್ಲ. ಮೊದಲನೆಯದನ್ನು ಎಂದೂ ತಪ್ಪಿಸಿರಲಿಲ್ಲ.

ಅರ್ಧ ಬಟ್ಟೆ ಹೊಡೆದಿದ್ದ. ಅಷ್ಟರಲ್ಲಿ ಡಾಕ್ಟರು ಬಂದರು. ಸ್ಟೂಲು, ಕಿಟಕಿ, ಅಷ್ಟಕ್ಕಷ್ಟೇ. ದೊಡ್ಡಮ್ಮ ಬಂದಳು. ತೊಡೆ, ಕೋಟು, ಗುರ್ರ್ ಗುರ್ರ್.

“ಇವತ್ತು ಆ ಮೇಡಂ ಬರ್ತಾರಲ್ವಾ?” ಎಂದರು ಡಾಕ್ಟರು ದೊಡ್ಡಮ್ಮನ ಕತ್ತು ಸವರುತ್ತಾ. “ಪಾಪ, ನಿನ್ನ ಹತ್ತಿರ ಬರಲ್ಲ ಅಂತ ವಾಪಸ್ ಕರ್ಕೊಂಡು ಹೋದ್ರೆ ಮಾವನವರಿಗೆ ಬೇಜಾರಾಗುತ್ತೆ. ಬೇಕಾದ್ರೆ ನಾನೇ ಇಟ್ಕೋತೀನಿ ಅಂತ ಹೇಳ್ತೀನಪ್ಪ. ನಿನಗೋಸ್ಕರ.”

ನಿನಗೋಸ್ಕರ! ಅವರನ್ನು ಬೀದಿಯವರೆಗೂ ಬಿಟ್ಟುಬಂದು, ಕಾರು ಮರೆಯಾಗುವ ತನಕ ನಗುತ್ತಾ ಕೈ ಬೀಸಿ, ಸ್ಪ್ರಿಂಗಣ್ಣ ಒಳಗೆ ಬಂದು ಸ್ಟೇಪಲ್ ಗನ್ನು ಎತ್ತಿಕೊಂಡ. ಟಪ್! “ಮೈಗುಣವಂತೆ!” ಟಪ್! “ಇಟ್ಕೋತಾರಂತೆ!” ಟಪ್ ಟಪ್ ಟಪ್! ಕೊನೆಯ ಅಂಚು ಬಂದದ್ದೂ ತಿಳಿಯಲಿಲ್ಲ, ಮುಚ್ಚಿದ್ದೂ ತಿಳಿಯಲಿಲ್ಲ. ಆಗ ದೊಡ್ಡಮ್ಮ ಎಲ್ಲಿದ್ದಳು ಎಂದು ನೀವು ಕೇಳಬಹುದು. ಸ್ಪ್ರಿಂಗಣ್ಣ ಕೇಳಲಿಲ್ಲ.

ಕೈಗಾಡಿಯವರು ಬಂದು ಸೋಫಾ ಎತ್ತಿದರು. “ಏನ್ ಸ್ವಾಮಿ, ಇಷ್ಟು ಭಾರ?” ಅಂದರು.

“ಒಳ್ಳೇ ಮರ ಭಾರವಾಗೇ ಇರುತ್ತೆ,” ಅಂದ ಸ್ಪ್ರಿಂಗಣ್ಣ ಹೆಮ್ಮೆಯಿಂದ.

ಮಧ್ಯಾಹ್ನ ಹಾಲಿನ ಬಟ್ಟಲು ಹಾಗೇ ಇತ್ತು. ಮಂಚದ ಕೆಳಗೆ, ಬೀರುವಿನ ಮೇಲೆ, ನಾರಿನ ಮೂಟೆಗಳ ಹಿಂದೆ, ಎಲ್ಲೂ ದೊಡ್ಡಮ್ಮನಿಲ್ಲ. ಸ್ಪ್ರಿಂಗಣ್ಣ ಮತ್ತೆ ಬಟ್ಟಲಿನ ಹತ್ತಿರವೇ ಬಂದು ನಿಂತ. ಇಷ್ಟು ದಿನ ಅವಳು ಅವನಿಗೆ ಷಡ್ಡಕನನ್ನು ಗೆಲ್ಲುವ ಒಂದು ದಾರಿಯಾಗಿದ್ದಳು. ಈಗ ತುಂಬಿದ ಬಟ್ಟಲು ನೋಡಿದರೆ ಹೊಟ್ಟೆಯ ಒಲೆಯೇ ಆರಿಹೋಗಿ, ಆ ಜಾಗದಲ್ಲಿ ಸುಮ್ಮನೆ ಚಳಿಯಾದಂತಾಯಿತು. ಪರಚಲಾದರೂ ಬರಬಾರದೇ ಅನ್ನಿಸಿತು. ಬೀದಿಗೆ ಓಡಿ ಬಂದು ಎದುರುಮನೆ ಅಜ್ಜಿಯನ್ನು ಕೇಳಿದ.

“ನಿನ್ನ ಭಾವ ಹೋಗೋವಾಗ ಕೈಲೊಂದು ಚೀಲ ಇತ್ತಪ್ಪ,” ಅಂದಳು ಅಜ್ಜಿ. “ಚೀಲ ಮಿಸುಕಾಡ್ತಿತ್ತು.”

“ಕನ್ನಡಕ ಹಾಕಿದ್ರಾ ಅಜ್ಜಿ?”

“ಕಣ್ಣಿಗೆ ಕಂಡಿದ್ದಕ್ಕೆ ಕನ್ನಡಕ ಯಾಕಪ್ಪ?”

ಸಾಕಾಯಿತು. ಆರಿದ್ದ ಒಲೆ ಭಗ್ಗೆಂದಿತು. ಬೀದಿಯ ತಿರುವಿನಲ್ಲಿ ನಿಂತಿದ್ದ ಪೊಲೀಸ್ ಕಾನ್‌ಸ್ಟೇಬಲ್ಲನ ಕೈ ಹಿಡಿದುಕೊಂಡ.

“ಸ್ವಾಮಿ, ನಮ್ಮ ದೊಡ್ಡಮ್ಮನ್ನ ನಮ್ಮ ಭಾವ ಚೀಲದಲ್ಲಿ ಹಾಕ್ಕೊಂಡು ಹೋಗಿದಾರೆ!”

ಕಾನ್‌ಸ್ಟೇಬಲ್ಲು ಕೆಲಸಕ್ಕೆ ಸೇರಿದ ಮೇಲೆ ಇಂಥ ಪ್ರಕರಣ ಕಂಡಿರಲಿಲ್ಲ. “ವಯಸ್ಸೆಷ್ಟು?”

“ಏಳು ವರ್ಷ. ಬೂದು ಬಣ್ಣ. ಒಂದು ಕಿವಿ ಹರಿದಿದೆ. ಉದ್ದ ಮೀಸೆ.”

ಅವನು ಬರೆಯುವುದನ್ನು ನಿಲ್ಲಿಸಿ ಸ್ಪ್ರಿಂಗಣ್ಣನ ಬಾಯಿಯ ವಾಸನೆ ನೋಡಲು ಬಗ್ಗಿದ. ಅಷ್ಟರಲ್ಲಿ ಹೆಂಡತಿ ಏದುಸಿರು ಬಿಡುತ್ತಾ ಬಂದು, “ಬೆಕ್ಕು ಸ್ವಾಮಿ, ಬೆಕ್ಕಿನ ಹೆಸರು,” ಅಂದಳು. ಅವಳ ಕೈಯಲ್ಲಿ ಫೋನಿತ್ತು. “ತಗೊಳ್ಳಿ, ಭಾವ. ಏನೋ ಕೂಗಾಡ್ತಿದಾರೆ.”

“ನಿನ್ನ ಸೋಫಾ ಅಳ್ತಾ ಇದೆ ಕಣಯ್ಯಾ!” ಎಂಬ ಅಬ್ಬರ ಫೋನಿನಿಂದ ಬೀದಿಗೆಲ್ಲ ಕೇಳಿಸಿತು.

“ನಾನು ಮಾಡಿದ ಸೋಫಾ ಅಳಲ್ಲ ಭಾವ. ನಿಮ್ಮ ರೋಗಿಗಳು ಅಳ್ತಿರಬೇಕು.”

“ಅವರೂ ಅಳ್ತಿದಾರೆ! ಮೊದಲು ಸೋಫಾ ಅಳುತ್ತೆ, ಒಳಗೆ ಯಾರಿಗೋ ಹಲ್ಲು ಕೀಳ್ತಿದೀನಿ ಅಂದ್ಕೊಂಡು ಆಮೇಲೆ ಅವರು ಅಳ್ತಾರೆ. ಅರ್ಧ ಜನ ಓಡಿಹೋದ್ರು. ನೀನು ಬೇಕು ಅಂತಲೇ ಮಾಡಿದೀಯ. ಹೊಟ್ಟೆಕಿಚ್ಚು ನಿನಗೆ!”

“ಹೊಟ್ಟೆಕಿಚ್ಚಾ? ನನಗಾ? ದೊಡ್ಡಮ್ಮನ್ನ ಕದ್ದೋರು ಯಾರು?”

“ದೊಡ್ಡಮ್ಮ ಕಾಣ್ತಿಲ್ವಾ?” ಅಂದ ಡಾಕ್ಟರ ದನಿ ಇಳಿದಿತ್ತು. ಆ ದನಿಯಲ್ಲಿ ನಿಜವಾದ ಗಾಬರಿಯಿತ್ತು. ಸ್ಪ್ರಿಂಗಣ್ಣನಿಗೆ ಅದು ಸಿಕ್ಕಿಬಿದ್ದ ಕಳ್ಳನ ದನಿಯಾಗಿ ಕೇಳಿಸಿತು.

ಫೋನು ಇಡುವುದಕ್ಕೂ ಆಶ್ರಯದ ಮೇಡಂ ಬುಟ್ಟಿ ಹಿಡಿದು ಬೀದಿಗೆ ಬರುವುದಕ್ಕೂ ಸರಿಹೋಯಿತು. “ಸ್ವಲ್ಪ ಬೇಗ ಬಂದೆ. ದೊಡ್ಡಮ್ಮ ಎಲ್ಲಿ?”

“ನೆಂಟರ ಮನೆಗೆ ಹೋಗಿದಾಳೆ ಮೇಡಂ.”

“ಬೆಕ್ಕು? ನೆಂಟರ ಮನೆಗೆ?”

“ಬಹಳ ಸಲಿಗೆ. ಬನ್ನಿ, ತೋರಿಸ್ತೀನಿ.”

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಸ್ಪ್ರಿಂಗಣ್ಣ, ಹಿಂದೆ ಹೆಂಡತಿ, ಬುಟ್ಟಿಯ ಜೊತೆ ಮೇಡಂ, ಕುತೂಹಲ ತಡೆಯದ ಕಾನ್‌ಸ್ಟೇಬಲ್ಲು, ಕೊನೆಗೆ ಈ ಸಲ ಕನ್ನಡಕ ಹಾಕಿಕೊಂಡ ಅಜ್ಜಿ.

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಉಳಿದ ರೋಗಿಗಳೆಲ್ಲ ಕೆನ್ನೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಹೊಸ ಸೋಫಾದ ಮೇಲೆ ಕೂತಿದ್ದವರು ಒಬ್ಬರೇ, ಮಾವನವರು. ದವಡೆಗೆ ಮರಗಟ್ಟುವ ಸೂಜಿ ಚುಚ್ಚಿಸಿಕೊಂಡಿದ್ದರಿಂದ ಅವರಿಗೆ ಹೆದರಿಕೆಯಾದರೂ ಮುಖದಲ್ಲಿ ತೋರಿಸಲು ಆಗುತ್ತಿರಲಿಲ್ಲ. “ಅಯಿಯಾ,” ಅಂದರು ಚಿಕ್ಕಳಿಯನನ್ನು ಕಂಡು.

“ಕಳ್ಳ!” ಎಂದು ಕೂಗಿದ ಸ್ಪ್ರಿಂಗಣ್ಣ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಡಾಕ್ಟರ ಕೈ ಗಕ್ಕನೆ ಕೋಟಿನ ಜೇಬಿಗೆ ಹೋಯಿತು.

“ನೋಡಿ ಸ್ವಾಮಿ! ಜೇಬು ಮುಚ್ಕೊಂಡ್ರು!”

“ಜೇಬಲ್ಲಿ ಬೆಕ್ಕು ಹಿಡಿಸಲ್ಲ ಸ್ವಾಮಿ,” ಅಂದ ಕಾನ್‌ಸ್ಟೇಬಲ್ಲು ಬೇಸರದಿಂದ.

“ಬೆಕ್ಕಿನ ಮಾತು ಆಮೇಲೆ,” ಎಂದು ಡಾಕ್ಟರು ಗದರಿದರು. “ಮೊದಲು ನಿನ್ನ ಸೋಫಾದ ಬಾಯಿ ಮುಚ್ಚಿಸು. ದಡ್ಡ ಕೆಲಸ! ಒಂದು ಸೋಫಾ ಸರಿಯಾಗಿ ಮಾಡೋಕೆ ಬರಲ್ಲ.”

ಬೋಳುತಲೆಗೆ ಏನಾದರೂ ಅನ್ನಿ, ಸ್ಪ್ರಿಂಗಣ್ಣ ತಡೆದುಕೊಂಡಾನು. ಕೈಕೆಲಸದ ಸುದ್ದಿಗೆ ಬಂದರೆ ಸುಮ್ಮನಿರುವ ಗಿರಾಕಿಯಲ್ಲ. “ನನ್ನ ಸೋಫಾಗೆ ಬಾಯೇ ಇಲ್ಲ! ಎಲ್ಲರೂ ನೋಡ್ತಿರಿ,” ಎಂದು ಮಾವನವರ ಪಕ್ಕದಲ್ಲಿ ಧೊಪ್ಪನೆ ಕೂತ.

ಸೋಫಾದ ಆ ತುದಿಯಿಂದ ದೀರ್ಘವಾದ ಒಂದು “ಮ್ಯಾಂವ್” ಬಂತು.

“ಸ್ಪ್ರಿಂಗು,” ಅಂದ ಸ್ಪ್ರಿಂಗಣ್ಣ ಬೆವರು ಒರೆಸಿಕೊಳ್ಳುತ್ತಾ. “ಹೊಸಾ ಸ್ಪ್ರಿಂಗು. ಪಳಗಬೇಕು.”

“ಮ್ಯಾಂವ್.”

“ಸ್ಪ್ರಿಂಗಿಗೆ ಹಸಿವಾಗಿದೆ ಅನ್ಸುತ್ತೆ,” ಅಂದಳು ಹೆಂಡತಿ.

ಒಳಗೈ! ಆ ಮಾತು ನೆನಪಾದದ್ದೇ ಸ್ಪ್ರಿಂಗಣ್ಣನ ಮುಖ ಹರಳೆಣ್ಣೆ ಕುಡಿದಂತಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿದ್ದೆವು, ಇವನು ಕೂಸನ್ನು ಕೈಗಾಡಿಯಲ್ಲಿ ಷಡ್ಡಕನ ಕ್ಲಿನಿಕ್ಕಿಗೆ ಕಳಿಸಿ ಪೊಲೀಸಿನವರನ್ನು ಕರೆತಂದಿದ್ದ. ಈಗ ಸೋಫಾ ಬಿಚ್ಚಬೇಕು. ಬಿಚ್ಚಿದರೆ, ಅಪ್ಪ ಕಲಿಸಿದ ಕಸುಬಿನಲ್ಲಿ ತಾನು ತಪ್ಪಿದ್ದು ಮಾವನವರ ಎದುರು, ರೋಗಿಗಳ ಎದುರು, ಎಲ್ಲಕ್ಕಿಂತ ಹೆಚ್ಚಾಗಿ ಆ ತಲೆತುಂಬ ಕೂದಲಿನ ಎದುರು ಬಯಲಾಗುತ್ತದೆ. ಬಿಚ್ಚದಿದ್ದರೆ? ಒಳಗಿನಿಂದ ಇನ್ನೊಂದು ಸಲ ಕೂಗು ಬಂತು, ಈ ಸಲ ಸಣ್ಣಗೆ. ಅದನ್ನು ಕೇಳಿ ಅವನಿಗೆ ತಡೆಯಲಾಗಲಿಲ್ಲ.

“ಒಳಗೈ ಆಡಿಸಲಿಲ್ಲ ನಾನು,” ಅಂದ, ಎಲ್ಲರಿಗೂ ಕೇಳುವ ಹಾಗೆ. “ತಪ್ಪು ನನ್ನದೇ. ಭಾವ, ಒಂದು ಇಕ್ಕಳ ಕೊಡಿ.”

ಸ್ಟೇಪಲ್ ಕೀಳುವ ಇಕ್ಕಳ ಮನೆಯಲ್ಲಿತ್ತು. ಇಲ್ಲಿದ್ದದ್ದು ಹಲ್ಲು ಕೀಳುವ ಇಕ್ಕಳ. ಮಾವನವರನ್ನು ಎಬ್ಬಿಸಿ, ಸೋಫಾ ಮಲಗಿಸಿ, ಸ್ಪ್ರಿಂಗಣ್ಣ ಮೊಣಕಾಲೂರಿ ಕೂತ. ಒಂದೊಂದಾಗಿ, ಬಟ್ಟೆ ಹರಿಯದ ಹಾಗೆ, ಮರಕ್ಕೆ ನೋವಾಗದ ಹಾಗೆ ಎಬ್ಬಿಸಿ ತೆಗೆದ. ಗೋಡೆಗೆ ಅಂಟಿದ್ದ ಬಸ್ ಕಂಡಕ್ಟರೊಬ್ಬ ಊದಿದ ಕೆನ್ನೆ ಹಿಡಿದುಕೊಂಡು ಹತ್ತಿರ ಬಂದು ನೋಡಿದ.

“ಡಾಕ್ಟ್ರೇ,” ಅಂದ ಮೆಲ್ಲಗೆ, “ನನ್ನ ಹಲ್ಲು ಇವರ ಕೈಲೇ ಕೀಳಿಸ್ಬಿಡಿ.”

ಡಾಕ್ಟರ ಮುಖ ಕಪ್ಪಿಟ್ಟಿತು. ಬೇರೆ ಹೊತ್ತಿನಲ್ಲಾಗಿದ್ದರೆ ಸ್ಪ್ರಿಂಗಣ್ಣ ಆ ಮುಖಕ್ಕೆ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದ. ಈಗ ತಲೆಯೆತ್ತಲೂ ಇಲ್ಲ.

ಬಟ್ಟೆ ಸರಿಯಿತು. ದೊಡ್ಡಮ್ಮ ಹೊರಬಂದಳು. ಅವಸರವಿಲ್ಲ, ಗಾಬರಿಯಿಲ್ಲ. ಮೈ ಮುರಿದಳು, ಆಕಳಿಸಿದಳು, ನೆರೆದವರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಮೊಣಕಾಲೂರಿ ಕೂತಿದ್ದ ಸ್ಪ್ರಿಂಗಣ್ಣನನ್ನು ದಾಟಿಕೊಂಡು ನೇರವಾಗಿ ಡಾಕ್ಟರ ಕಡೆ ನಡೆದಳು.

ಸ್ಪ್ರಿಂಗಣ್ಣ ಕಣ್ಣು ಮುಚ್ಚಿಕೊಂಡ. ಬುಟ್ಟಿಯ ಬಾಗಿಲು ತೆರೆದ ಸದ್ದು ಕೇಳಿಸಿತು.

ದೊಡ್ಡಮ್ಮ ಹಿಂಗಾಲ ಮೇಲೆ ನಿಂತು ಡಾಕ್ಟರ ಕೋಟಿನ ಜೇಬು ಮೂಸಿದಳು. ಎರಡನೇ ಜೇಬೂ ಮೂಸಿದಳು. ಮುಖ ಸಿಂಡರಿಸಿದಳು.

“ಮೀನು ಬೆಳಿಗ್ಗೇನೇ ಕೊಟ್ಟೆನಲ್ಲಮ್ಮಾ,” ಎಂದರು ಡಾಕ್ಟರು ಅಭ್ಯಾಸಬಲದಿಂದ.

“ಈಈಆ?” ಅಂದರು ಮಾವನವರು. ಮೀನಾ ಎಂದು ಕೇಳಿದ್ದು ಎಲ್ಲರಿಗೂ ಅರ್ಥವಾಯಿತು.

“ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ ಅಂತ ಕೇಳಿದ್ದೆ,” ಅಂದಳು ಅಜ್ಜಿ ಕನ್ನಡಕ ಸರಿಮಾಡಿಕೊಳ್ಳುತ್ತಾ. “ಡಾಕ್ಟ್ರು ಕಣ್ಣು ಮುಚ್ಕೊಂಡು ಮೀನು ತಿನ್ನಿಸ್ತಾರೆ ಅಂತ ಗೊತ್ತಿರಲಿಲ್ಲ.”

ಡಾಕ್ಟರು ತಲೆ ತಗ್ಗಿಸಿದರು. ಈ ಸಲದ್ದು ವಿನಯವಲ್ಲ. “ಏನ್ ಮಾಡ್ಲಿ ಮಾವ? ಇಷ್ಟು ವರ್ಷ ಮನೇಲಿ ನಾನೊಬ್ಬನೇ ಒಳ್ಳೇ ಅಳಿಯ ಆಗಿದ್ದೆ. ಅವತ್ತು ನೀವು ಇವನ ಹೃದಯ ದೊಡ್ಡದು ಅಂದ್ರಿ. ಅವತ್ತಿಂದ ನನಗೆ ಊಟ ಸೇರ್ತಿಲ್ಲ.”

ಸ್ಪ್ರಿಂಗಣ್ಣ ಕಣ್ಣು ಬಿಟ್ಟ. ಆ ಕೂದಲಿನ, ಆ ಕಾರಿನ ಮನುಷ್ಯ ತನ್ನನ್ನು ಕಂಡು ಉರಿದುಕೊಂಡಿದ್ದನೇ? ಇಂಥ ಮಾತು ಕೇಳಲೆಂದೇ ಅವನು ಇಷ್ಟು ವರ್ಷ ಬದುಕಿದ್ದ. ಆದರೆ ಅದನ್ನು ಸವಿಯಲು ಪುರುಸೊತ್ತಾಗಲಿಲ್ಲ, ಏಕೆಂದರೆ ದೊಡ್ಡಮ್ಮ ಮತ್ತೆ ಸೋಫಾದೊಳಗೆ ನುಗ್ಗಿದ್ದಳು.

ಒಳಗೆ ಏನನ್ನೋ ಎಳೆಯುವ ಸದ್ದಾಯಿತು. ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ, ಹಲ್ಲಿನಲ್ಲಿ ಕಚ್ಚಿ ಜಗ್ಗುತ್ತಾ ಅವಳು ಹೊರಬಂದಳು. ಮೊದಲು ಕಾಫಿ ಬಣ್ಣದ ಒಂದು ತೋಳು ಬಂತು, ಆಮೇಲೆ ಮೊಣಕೈಯ ತೇಪೆ, ಆಮೇಲೆ ಇಡೀ ಸ್ವೆಟರು. ಅದನ್ನು ಕೋಣೆಯ ನಡುವಿಗೆ ಎಳೆದು ತಂದು, ಮುಂಗಾಲುಗಳಿಂದ ಬಹಳ ಹೊತ್ತು ನಾದಿ ಹದಮಾಡಿ, ಅದರ ಮೇಲೆ ಸುರುಳಿ ಸುತ್ತಿ ಕೂತಳು. ಗುರ್ರ್ ಗುರ್ರ್ ಎಂಬ ಸದ್ದು ಎದ್ದಿತು. ಯಾವ ಮೀನಿಗೂ ಅವಳು ಅಷ್ಟು ಜೋರಾಗಿ ಸದ್ದು ಮಾಡಿರಲಿಲ್ಲ.

ಮೇಡಂ ಬಗ್ಗಿ ಸ್ವೆಟರಿನ ಅಂಚು ಎತ್ತಿ ನೋಡಿದರು. ಉಣ್ಣೆ ಕಾಣದಷ್ಟು ಬೂದು ಕೂದಲು ಅಂಟಿತ್ತು. “ಬಂದಾಗಿನಿಂದ ಇದರ ಮೇಲೇ ಮಲಗಿದಾಳೆ. ಯಾರದಿದು?”

ಸ್ಪ್ರಿಂಗಣ್ಣ ಮೊಣಕೈಯ ತೇಪೆಯನ್ನೇ ನೋಡುತ್ತಾ ಕೂತ. ಜನ್ಮದಲ್ಲಿ ಮೊದಲ ಸಲ ಯಾರೋ ಅವನನ್ನು ಆರಿಸಿಕೊಂಡಿದ್ದರು. ಷಡ್ಡಕನನ್ನು ನೋಡಿದ ಮೇಲೂ, ಷಡ್ಡಕನ ಮೀನು ತಿಂದ ಮೇಲೂ ಅವನನ್ನೇ. ಕಣ್ಣಿಂದ ನೀರು ಇಳಿದು ಕೈಯಲ್ಲಿದ್ದ ಇಕ್ಕಳದ ಮೇಲೆ ಬಿತ್ತು.

“ಇವರದೇ ಮೇಡಂ,” ಅಂದಳು ಹೆಂಡತಿ. “ತೇಪೆ ನಾನು ಹಾಕಿದ್ದು.”

“ಒಪ್ಪಿದಾಳೆ ಬಿಡಿ,” ಎಂದು ಮೇಡಂ ಖಾಲಿ ಬುಟ್ಟಿಯ ಬಾಗಿಲು ಮುಚ್ಚಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಮನೆ ಖಾಲಿ ಮಾಡುವ ಬಾಡಿಗೆದಾರನಲ್ಲ. ಮನೆಗೆ ಬಂದ ದೊಡ್ಡಮ್ಮ ಸ್ವೆಟರಿನ ಮೇಲೆ ಮಲಗಿದಳು, ಸ್ವೆಟರಿನ ಮೇಲೆ ಎದ್ದಳು, ಸ್ವೆಟರಿಗೆ ಮುಖ ಉಜ್ಜಿದಳು. ಸ್ಪ್ರಿಂಗಣ್ಣ ಪಕ್ಕದಲ್ಲಿ ಕೂತರೆ ಸ್ವೆಟರು ಕಚ್ಚಿಕೊಂಡು ಆಚೆ ಹೋದಳು. ಎರಡು ದಿನ ನೋಡಿದ. ಮೂರನೇ ದಿನ ಅವನಿಗೆ ತಡೆಯಲಾಗಲಿಲ್ಲ.

“ನನಗಿಂತ ಈ ಹಳೇ ಸ್ವೆಟರ್ ಯಾವುದರಲ್ಲಿ ಹೆಚ್ಚು?” ಎಂದು ಹೆಂಡತಿಯನ್ನು ಕೇಳಿದ.

“ಅದು ಮಾತಾಡಲ್ಲ,” ಅಂದಳು ಅವಳು.

ಅವಳು ಅತ್ತ ಹೋದದ್ದೇ ತಡ, ಸ್ಪ್ರಿಂಗಣ್ಣ ಆ ಸ್ವೆಟರನ್ನು ಎತ್ತಿ ಹಾಕಿಕೊಂಡ. ಸುಡುಬೇಸಿಗೆಯ ಮಧ್ಯಾಹ್ನ, ಬೀದಿಯ ಡಾಂಬರು ಮೆತ್ತಗಾಗಿತ್ತು. ಬೆವರಿಳಿಯುತ್ತಾ, ತುಟಿಪಿಟಕ್ಕೆನ್ನದೆ ಕುರ್ಚಿಯಲ್ಲಿ ಕೂತ. ದೊಡ್ಡಮ್ಮ ಬಂದಳು, ನೋಡಿದಳು, ಯೋಚಿಸಿದಳು, ತೊಡೆ ಹತ್ತಿದಳು. ಅಂದಿನಿಂದ ಅವನು ಕೆಲಸ ಮಾಡುವುದೂ ಆ ಸ್ವೆಟರಿನಲ್ಲೇ, ಗಿರಾಕಿಗಳೊಡನೆ ಮಾತಾಡುವುದೂ ಆ ಸ್ವೆಟರಿನಲ್ಲೇ. ಕೇಳಿದವರಿಗೆಲ್ಲ “ಸ್ವಲ್ಪ ಚಳಿ” ಎನ್ನುತ್ತಿದ್ದ. ಎದುರುಮನೆ ಅಜ್ಜಿ ಎರಡು ಸಲ ಜ್ವರದ ಮಾತ್ರೆ ತಂದುಕೊಟ್ಟಳು.

ಒಂದು ಮಧ್ಯಾಹ್ನ ಹೀಗೆ ದೊಡ್ಡಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಡಾಕ್ಟರು ಒಳಗೆ ಬಂದರು. ಮುಖ ಕೆಂಡದಂತಾಗಿತ್ತು, ತಲೆಯ ಅಷ್ಟೂ ಕೂದಲು ಬೆವರಿಗೆ ಹಣೆಗಂಟಿತ್ತು. ಕತ್ತಿನವರೆಗೂ ಗುಂಡಿ ಹಾಕಿದ ಹೊಸ ಉಣ್ಣೆ ಸ್ವೆಟರು ಮೈಮೇಲಿತ್ತು. ಕಾಫಿ ಬಣ್ಣದ್ದೇ.

“ಸೋಫಾದ ಕೆಳಬಟ್ಟೆ ಇನ್ನೊಂದು ಸಲ ನೋಡಬೇಕಿತ್ತಲ್ಲಾ ಅಂತ ಬಂದೆ,” ಅಂದರು ದೊಡ್ಡಮ್ಮನ ಮೇಲೆ ಕಣ್ಣಿಟ್ಟು.

ಸ್ಪ್ರಿಂಗಣ್ಣ ಆ ಸ್ವೆಟರನ್ನು ಮೇಲಿನಿಂದ ಕೆಳಗಿನವರೆಗೆ ತೃಪ್ತಿಯಾಗುವಷ್ಟು ನೋಡಿದ. “ಭೇಷ್,” ಅಂದ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮಾತು ಅವನ ಹೊಟ್ಟೆಯಿಂದ ಬಂದಿತ್ತು.

“ಬನ್ನಿ ಭಾವ, ಕೂತ್ಕೊಳ್ಳಿ, ಏನ್ ಅವಸರ?” ಎಂದು ಪ್ರೀತಿಯಿಂದ ಸ್ಟೂಲು ತೋರಿಸಿದ. ಫ್ಯಾನು ಮಾತ್ರ ಹಾಕಲಿಲ್ಲ.